ಮಾವ ಕಳಿಸಿದ ಟ್ರಂಕು

ಮೇ ತಿಂಗಳು ಬಂತೆಂದರೆ ವಾಸ್ಕೋದ ನಮ್ಮ ಕನ್ನಡದ ಮಕ್ಕಳು ಫೋನ್ ಮಾಡುತ್ತಾರೆ. ‘ಅಕ್ಕಾ, ಲಾ ಸೇರ್ತೀನಿ, ಮೊದಲೇ ಯಾವ ಪುಸ್ತಕ ಓದ್ಲಿ?’ ನಾನು ನಾಲ್ಕು ಹೆಸರು ಹೇಳಿ ಫೋನ್ ಇಡುತ್ತೇನೆ. ಯಾಕೆ ಆ ನಾಲ್ಕೇ ಅಂತ ಈವರೆಗೆ ಯಾರಿಗೂ ಹೇಳಿಲ್ಲ, ನಾಚಿಕೆ.

2017ರ ಬೇಸಿಗೆ. ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಅರ್ಜಿ ಹಾಕಿದ್ದೆ. ಧಾರವಾಡದಲ್ಲಿ ವಕೀಲರೊಬ್ಬರ ಹತ್ತಿರ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನಮ್ಮ ಸೋದರಮಾವ ಓದಬೇಕಾದ ಪುಸ್ತಕಗಳ ಪಟ್ಟಿ ಬರೆದ. ಅಷ್ಟಕ್ಕೇ ಬಿಡಲಿಲ್ಲ, ಒಂದು ಟ್ರಂಕು ತುಂಬಿ ಬಸ್ಸಿಗೆ ಹಾಕಿ ಕಳಿಸಿಯೂ ಬಿಟ್ಟ. ಗ್ಲಾನ್‌ವಿಲ್ ವಿಲಿಯಮ್ಸ್‌ನ ‘ಲರ್ನಿಂಗ್ ದ ಲಾ’, ಪಾಲ್ಖಿವಾಲಾರ ‘ವಿ, ದ ಪೀಪಲ್’, ಛಾಗ್ಲಾರ ಆತ್ಮಕಥೆ, ಮುಲ್ಲಾ ಅವರ ‘ಹಿಂದೂ ಲಾ’, ಆಸ್ತಿ ವರ್ಗಾವಣೆ ಕಾಯ್ದೆಯ ಬೇರ್ ಆ್ಯಕ್ಟ್. ಮೇಲುಗಡೆ ಒಂದು ಪೊಟ್ಟಣ ಪೇಡೆ. ‘ಇಷ್ಟು ಓದಿದ್ರ ಸಾಕು, ನಿನ್ನ ಮುಂದ ಯಾರೂ ನಿಲ್ಲಂಗಿಲ್ಲ’ ಅಂತ ಚೀಟಿ. ಹಿಂದೂಗಳ ಕಾನೂನಿಗೆ ಪಾರ್ಸಿಯೊಬ್ಬರು ಬರೆದ ಪುಸ್ತಕವೇ ವಕೀಲರಿಗೆ ವೇದ ಎಂಬುದು ನನಗೆ ಗೊತ್ತಾದದ್ದು ಆ ಟ್ರಂಕಿನಿಂದಲೇ. ಎರಡು ತಿಂಗಳು ಎದ್ದರೂ ಕೂತರೂ ಓದಿದೆ.

ಅದೇ ಹೊತ್ತಿಗೆ ಅಪ್ಪ ಮನೆ ನೋಡಿದ. ಗದಗ ಕಡೆಯಿಂದ ಬಂದು ಮುರಗಾಂವ್ ಬಂದರಿನಲ್ಲಿ ಮೂಟೆ ಹೊತ್ತವನು. ವಾಸ್ಕೋದಿಂದ ಸ್ವಲ್ಪ ಆಚೆ, ಎರಡು ಕೋಣೆಯ ಹೆಂಚಿನ ಮನೆ, ಹಿಂದೆ ಒಂದು ಹಲಸಿನ ಮರ. ಎರಡು ಲಕ್ಷ ಸಂಚಕಾರ ಕೊಡುವ ಮುಂಚೆ ‘ವಕೀಲರಿಗೆ ಒಮ್ಮೆ ತೋರಸೂಣೇನವಾ?’ ಅಂದ. ‘ನಾ ಇಲ್ಲೇನು?’ ಅಂದೆ. ನಮ್ಮೂರ ಕಡೆ ಪಹಣಿ ಇದ್ದಂತೆ ಗೋವಾದಲ್ಲಿ ‘ಒಂದು ಮತ್ತು ಹದಿನಾಲ್ಕು’ ನಮೂನೆ. ಅದರಲ್ಲಿ ಮಾರುವವನ ಹೆಸರೊಂದೇ ಇತ್ತು. ಹೆಸರು ಅವನದು, ಸಹಿ ಅವನದು, ಮುಗೀತು ಅಂತ ಅಪ್ಪನಿಗೆ ತೀರ್ಪು ಕೊಟ್ಟೆ.

ನೋಂದಣಿಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕಚೇರಿಯವರಿಗೆ ಹಂಚಲು ಪೇಡೆಯ ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದಿದ್ದ. ಹನ್ನೊಂದಕ್ಕೆ ಟೋಕನ್ ಸಿಕ್ಕಿತು, ಕರೆದಾಗ ಒಂದೂಮುಕ್ಕಾಲು. ಗುಮಾಸ್ತ ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಪತ್ರದ ಹಾಳೆ ತಿರುವಿದ, ಕೊನೆಯ ಪುಟಕ್ಕೆ ಬಂದು ಮತ್ತೆ ಮೊದಲಿಗೆ ಹೋದ. ತಲೆ ಎತ್ತದೆ ಕೇಳಿದ, ‘ತಾಚಿ ಬಾಯ್ಲ ಖಂಯ್?’ ಅವನ ಹೆಂಡತಿ ಎಲ್ಲಿ?

ಮಾರುವವನು ಫ್ಯಾನ್ ನೋಡುತ್ತಿದ್ದ.

ನಾನು ಸುಮ್ಮನಿದ್ದಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಜಾಗ ಇವರ ಹೆಸರಿನಲ್ಲಿದೆ, ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲಿ ಹೆಂಡತಿಯ ಮಾತೇ ಇಲ್ಲ ಅಂತ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವನು ಪೂರಾ ಕೇಳಿದ. ಆಮೇಲೆ ‘ತುಂ ಖಂಯ್ಚೆಂ?’ ಎಂದ. ವಾಸ್ಕೋ, ಅಂದೆ. ಅವನು ಪಕ್ಕದ ಟೇಬಲ್ಲಿನವನಿಗೆ ಏನೋ ಹೇಳಿ ನಕ್ಕ, ಅದರಲ್ಲಿ ‘ಘಾಂಟಿ’ ಎಂಬ ಒಂದು ಪದ ಮಾತ್ರ ನನಗೆ ಸ್ಪಷ್ಟ ಕೇಳಿಸಿತು. ಘಟ್ಟದ ಮೇಲಿನವರಿಗೆ ಇಲ್ಲಿ ಇಟ್ಟ ಹೆಸರು. ಹುಟ್ಟಿದ್ದು ಇಲ್ಲೇ ಆದರೂ ತಪ್ಪಿದ್ದಲ್ಲ. ಅವನ ನಗು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಕಾನೂನು ಅವನದೇ ಸರಿ ಇತ್ತು, ಅದು ಇನ್ನೂ ಉರಿಯುತ್ತದೆ.

ಹೆಂಡತಿ ಆರು ವರ್ಷದಿಂದ ಕಾಣಕೋಣದ ತವರಿನಲ್ಲಿದ್ದಳು, ಸಹಿ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಮಾರುವವನಿಗೆ ಇದೆಲ್ಲ ಗೊತ್ತಿತ್ತು. ಪತ್ರ ಬರೆದ ಟೈಪಿಸ್ಟಿಗೂ ಗೊತ್ತಿರಬೇಕು. ಗೊತ್ತಿಲ್ಲದವಳು ಎರಡು ತಿಂಗಳು ಕಾನೂನು ಓದಿದವಳೊಬ್ಬಳೇ.

ಮೆಟ್ಟಿಲಿಳಿಯುವಾಗ ಅಪ್ಪ ಬೈಯಲಿಲ್ಲ. ‘ನಿನ್ನ ಪುಸ್ತಕದಾಗ ಇದು ಇರಲಿಲ್ಲೇನವಾ?’ ಅಂತ ನಿಜವಾಗಿಯೂ ತಿಳಿಯದೆ ಕೇಳಿದ. ಪೇಡೆ ಹಂಗೇ ಮನೆಗೆ ಬಂತು. ಯಾರೂ ಬಿಚ್ಚಲಿಲ್ಲ, ಇರುವೆ ತಿಂದವು.

ಇರಲಿಲ್ಲ. ಮುಲ್ಲಾ ಪುಸ್ತಕದ ಹಿಂದೂ ಕಾನೂನು ಗೋವಾಕ್ಕೆ ಅನ್ವಯಿಸುವುದೇ ಇಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ ಗೋವಾ ಪೋರ್ಚುಗಲ್ಲಿನ ಕೈಯಲ್ಲಿತ್ತು. 1961ರ ಡಿಸೆಂಬರ್ 19ಕ್ಕೆ ಬಿಡುಗಡೆಯಾದ ಮೇಲೆ, 1962ರ ಆಡಳಿತ ಕಾಯ್ದೆ ಹಳೆಯ ಕಾನೂನುಗಳನ್ನೇ ಮುಂದುವರಿಸಿತು. ಹಾಗಾಗಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಉಳಿಯಿತು. ಪೋರ್ಚುಗಲ್ಲೇ ಅದನ್ನು ಬಿಟ್ಟು 1966ರಲ್ಲಿ ಹೊಸದು ಮಾಡಿಕೊಂಡಿದೆ, ನಾವು ಪೂರ್ತಿ ಬಿಟ್ಟಿಲ್ಲ. ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದರೆ ಗಂಡ ಹೆಂಡಿರ ಆಸ್ತಿ ಒಂದೇ ರಾಶಿ, ಇಬ್ಬರಿಗೂ ಅರ್ಧರ್ಧ. ಕಾಗದದಲ್ಲಿ ಯಾರ ಹೆಸರೇ ಇರಲಿ, ಇಬ್ಬರೂ ಒಪ್ಪದೆ ಸ್ಥಿರಾಸ್ತಿ ಮಾರುವಂತಿಲ್ಲ. ತಂದೆಯೂ ತನ್ನ ಪಾಲೆಲ್ಲವನ್ನೂ ಬೇಕಾದವರಿಗೆ ಬರೆದುಕೊಡಲಾರ, ಅದರ ಅರ್ಧ ಮಕ್ಕಳಿಗೆ ಮೀಸಲು. ಧಾರವಾಡದ ಮಾವನಿಗೆ ಇದು ಎಲ್ಲಿಂದ ಗೊತ್ತಿರಬೇಕು? ಗೊತ್ತಿಲ್ಲ ಅನ್ನಬಹುದಿತ್ತು, ಆ ಮಾತು ಮಾತ್ರ ಅವನ ಬಾಯಿಂದ ಈವರೆಗೆ ಬಂದಿಲ್ಲ.

ಇನ್ನು ಪುಸ್ತಕ. ಗೋವಾದಲ್ಲಿ ಓದುವವರು ಮೊದಲು ಎಂ.ಎಸ್. ಉಸಗಾಂವ್‌ಕರ್ ಅವರ ‘ಫ್ಯಾಮಿಲಿ ಲಾಸ್ ಆಫ್ ಗೋವಾ, ದಮನ್ ಆ್ಯಂಡ್ ದಿಯು’ ಹುಡುಕಿ, ಕೋಡಿನ ಸಂಬಂಧಪಟ್ಟ ಭಾಗ ಅದರಲ್ಲಿ ಇಂಗ್ಲಿಷಿಗೆ ಬಂದಿದೆ. ಪಣಜಿಯ ಕೃಷ್ಣದಾಸ ಶಾಮಾ ಗ್ರಂಥಾಲಯದಲ್ಲಿ ಕೇಳಿ ನೋಡಿ, 1832ರ ಗ್ರಂಥಾಲಯ ಅದು. ಜೊತೆಗೆ ಉತ್ತರಾಧಿಕಾರದ 2012ರ ಗೋವಾ ಕಾಯ್ದೆ, ಒಡೆಯನ ಜಾಗದಲ್ಲಿ ಮನೆ ಮಾಡಿಕೊಂಡಿರುವ ಮುಂಡಕಾರರ 1975ರ ಕಾಯ್ದೆ. ಒಂದು ತೀರ್ಪನ್ನಾದರೂ ಮೊದಲಿನಿಂದ ಕೊನೆವರೆಗೆ ಓದಿ. ಜೋಸ್ ಪಾವ್ಲೊ ಕುತಿನ್ಹೊ ಪ್ರಕರಣದ್ದು ಒಳ್ಳೆಯದು, 2019ರ ಸುಪ್ರೀಂ ಕೋರ್ಟ್ ತೀರ್ಪು. ಗೋವಾ ನಿವಾಸಿಯ ಹೊರರಾಜ್ಯದ ಆಸ್ತಿಗೂ ಇದೇ ಕೋಡ್ ಎಂದಿತು. ಸಂವಿಧಾನವನ್ನು ಇಂಗ್ಲಿಷ್, ಕನ್ನಡ ಎರಡನ್ನೂ ತೆರೆದಿಟ್ಟುಕೊಂಡು ಓದಿದರೆ ನಮ್ಮಂಥ ಕನ್ನಡ ಮಾಧ್ಯಮದವರಿಗೆ ಅನುಕೂಲ. ಪಾಲ್ಖಿವಾಲಾ, ಛಾಗ್ಲಾ ರೈಲಿನಲ್ಲಿ ಓದಿ, ಚೆನ್ನಾಗಿವೆ. ಹಳೆ ಪುಸ್ತಕ ಕೊಳ್ಳುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಮು 358 ಆಗಿವೆ, ಕೊಲೆಯ 302 ಈಗ 103. ಮಾವ ನಮ್ಮ ತಮ್ಮನಿಗೂ ಮೊನ್ನೆ ಐ.ಪಿ.ಸಿ.ಯೇ ಕಳಿಸಿದ್ದಾನೆ.

ಸಂಚಕಾರ ಕಂತುಕಂತಾಗಿ ಹದಿನಾಲ್ಕು ತಿಂಗಳಲ್ಲಿ ಬಂತು, ಹದಿನೈದು ಸಾವಿರ ಇನ್ನೂ ಬರಬೇಕು. ಕಳೆದ ವರ್ಷ ಗ್ಯಾಸ್ ಕನೆಕ್ಷನ್ ಬದಲಿಸಲು ಹೋದಾಗ ಅಪ್ಪ ಅರ್ಜಿಗೆ ಸಹಿ ಮಾಡಿ, ಪೆನ್ನು ಹಾಗೇ ಹಿಡಿದುಕೊಂಡು ಕೌಂಟರಿನ ಹುಡುಗನನ್ನು ಕೇಳಿದ, ‘ನಮ್ಮಾಕಿ ಹೊರಗ ಕುಂತಾಳ, ಕರೀಲೇನು?’