ಊರ ಅಂಗಡಿ ಮತ್ತು ಸರಣಿ ಮಳಿಗೆ: ಒಂದು ಆರ್ಥಿಕ ವಿವೇಚನೆ

ನಂಜನಗೂಡಿನ ಹೆಸರನ್ನು ಕೇಳಿದೊಡನೆ, ಶ್ರೀಕಂಠೇಶ್ವರನ ಸನ್ನಿಧಿಯ ಬಳಿಕ, ಜನರ ನೆನಪಿಗೆ ಬರುವ ವಸ್ತುಗಳು ಎರಡು: ರಸಬಾಳೆ ಮತ್ತು ಹಲ್ಲುಪುಡಿ. ಒಂದು ಆ ನೆಲದ ಬೆಳೆ. ಇನ್ನೊಂದು ಆ ಊರಿನ ಕೈಗಾರಿಕೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಊರಿನ ಹೆಸರನ್ನೇ ತನ್ನ ಹೆಸರನ್ನಾಗಿ ಮಾಡಿಕೊಂಡು ನಾಡಿನ ಮನೆಮನೆಗಳನ್ನು ತಲುಪಿತು. ಒಂದು ಸಣ್ಣ ಊರಿನ ತಯಾರಿಕೆಗೆ ಹೊರಗಿನ ಹಣವನ್ನು ಊರಿಗೆ ತರುವ ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ. ಹಣ ಹೀಗೆ ಒಳಬರುವಂತೆಯೇ ಹೊರಗೂ ಹೋಗುತ್ತದೆ. ದಿನನಿತ್ಯದ ಖರೀದಿಯಲ್ಲಿ ಅದು ಯಾವ ದಾರಿಯಿಂದ, ಎಷ್ಟು ಬೇಗ ಹೊರಗೆ ಹೋಗುತ್ತದೆಂಬುದೇ ಪ್ರಸ್ತುತ ವಿವೇಚನೆಯ ವಿಷಯ.

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ಮೈಸೂರು ನಗರವು ಒಂದು ಗಂಟೆಯ ಆಸುಪಾಸಿನ ಪ್ರಯಾಣದ ದೂರದಲ್ಲಿದೆ. ಅಲ್ಲಿ ದೇಶದಾದ್ಯಂತ ಶಾಖೆಗಳುಳ್ಳ ದೊಡ್ಡ ಮಳಿಗೆಗಳಿವೆ. ಇವನ್ನು ಸರಣಿ ಮಳಿಗೆಗಳೆಂದು ಕರೆಯಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆಯು ಜಾರಿಗೆ ಬಂದು, ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವು ಉಚಿತವಾಯಿತು. ಅದಕ್ಕೆ ಮೊದಲು ಮೈಸೂರಿನ ಅಗ್ಗದ ಬೆಲೆಗೆ ಬಸ್ ದರವನ್ನೂ ಕೂಡಿಸಿ ಲೆಕ್ಕ ಹಾಕಬೇಕಾಗಿದ್ದ ಗೃಹಿಣಿಗೆ ಇಂದು ಆ ಲೆಕ್ಕದ ಅಗತ್ಯವಿಲ್ಲ. ಊರ ಅಂಗಡಿಗೆ ದೂರವೇ ಒದಗಿಸಿದ್ದ ರಕ್ಷಣೆಯು ಇದರಿಂದ ತೆಳುವಾಗಿದೆ.

ಅಗ್ಗದ ಕಾರಣ

ಸರಣಿ ಮಳಿಗೆಯಲ್ಲಿ ಬೆಲೆ ಕಡಿಮೆಯಿರುವುದು ಮೋಸದಿಂದಲ್ಲ. ಅದು ಸಾವಿರಾರು ಚೀಲಗಳನ್ನು ಒಮ್ಮೆಗೆ ಕೊಳ್ಳುತ್ತದೆ. ತಯಾರಕನಿಂದ ನೇರವಾಗಿ ಕೊಳ್ಳುತ್ತದೆ. ಆದುದರಿಂದ ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಗಿಂತ ಕೆಳಗೆ ಮಾರಿಯೂ ಲಾಭ ಪಡೆಯುತ್ತದೆ. ಊರಿನ ದಿನಸಿ ವ್ಯಾಪಾರಿಗೆ ಅದೇ ಸರಕು ವಿತರಕನ ಕೈ ದಾಟಿ ಬರುತ್ತದೆ. ತೂಕದಲ್ಲಿ ನಿಖರತೆ, ಕೊಂಡದ್ದಕ್ಕೆಲ್ಲ ರಸೀದಿ, ಎಲ್ಲರಿಗೂ ಒಂದೇ ದರ: ಇವೂ ಸರಣಿ ಮಳಿಗೆಯ ಗುಣಗಳೇ. ಕೂಲಿಯಿಂದ ಬದುಕುವ ಕುಟುಂಬಕ್ಕೆ ತಿಂಗಳಿಗೆ 200 ರೂಪಾಯಿ ಉಳಿದರೆ ಅದು ಸಣ್ಣ ಮೊತ್ತವಲ್ಲ. ಆ ಉಳಿತಾಯವು ಊರಿನಲ್ಲಿಯೇ ಹಾಲಿಗೋ ದರ್ಜಿಗೋ ಮಕ್ಕಳ ಪುಸ್ತಕಕ್ಕೋ ವ್ಯಯವಾದರೆ ಊರಿಗೂ ಲಾಭವೇ. ಈ ಸತ್ಯವನ್ನು ಮರೆಮಾಚಿ ಬರಿಯ ಅಭಿಮಾನದಿಂದ ವಾದಿಸುವುದು ವಿವೇಚನೆಯಾಗಲಾರದು.

ರೂಪಾಯಿಯ ಸಂಚಾರ

ಆದರೆ ಬೆಲೆಯ ಚೀಟಿ ಲೆಕ್ಕದ ಅರ್ಧವನ್ನು ಮಾತ್ರ ಹೇಳುತ್ತದೆ. ಕೊಟ್ಟ ರೂಪಾಯಿ ಮುಂದೆ ಎಲ್ಲಿಗೆ ಹೋಯಿತೆಂಬುದು ಉಳಿದರ್ಧ. ಒಬ್ಬನ ವೆಚ್ಚವು ಇನ್ನೊಬ್ಬನ ಆದಾಯವಾಗಿ, ಆ ಆದಾಯವು ಮತ್ತೆ ವೆಚ್ಚವಾಗಿ ಸುತ್ತುವ ಕ್ರಮವನ್ನು ಅರ್ಥಶಾಸ್ತ್ರವು ಗುಣಕವೆಂದು ಕರೆಯುತ್ತದೆ. ರಿಚರ್ಡ್ ಕಾನ್ 1931ರಲ್ಲಿ ಇದನ್ನು ಉದ್ಯೋಗಕ್ಕೆ ಅನ್ವಯಿಸಿ ವಿವರಿಸಿದನು. 1936ರಲ್ಲಿ ಕೇನ್ಸ್ ತನ್ನ ಸಿದ್ಧಾಂತದಲ್ಲಿ ಅದಕ್ಕೆ ಮುಖ್ಯ ಸ್ಥಾನವನ್ನು ಕೊಟ್ಟನು.

ತರಗತಿಯ ಕಪ್ಪು ಹಲಗೆಯ ಮೇಲೆ ಇದನ್ನು ಸುಲಭವಾಗಿ ತೋರಿಸಬಹುದು. ಊರಿನಲ್ಲಿ 100 ರೂಪಾಯಿ ವ್ಯಯವಾಯಿತೆಂದೂ, ಪ್ರತಿ ರೂಪಾಯಿಯಲ್ಲಿ 60 ಪೈಸೆ ಊರಿನಲ್ಲಿಯೇ ಮರಳಿ ವ್ಯಯವಾಗುವುದೆಂದೂ ಇಟ್ಟುಕೊಂಡರೆ, 100, 60, 36 ಎಂದು ಇಳಿಯುತ್ತ ಹೋಗುವ ಸರಣಿಯ ಮೊತ್ತ 250 ರೂಪಾಯಿಯಾಗುತ್ತದೆ. ಮರಳುವುದು 20 ಪೈಸೆ ಮಾತ್ರವಾದರೆ ಮೊತ್ತ 125ಕ್ಕೆ ನಿಲ್ಲುತ್ತದೆ. ಇವು ಉದಾಹರಣೆಯ ಅಂಕಿಗಳೇ ಹೊರತು ಅಳೆದವಲ್ಲ. ಅಳೆದ ಪ್ರಯತ್ನವೂ ಉಂಟು. ಅಮೆರಿಕದ ಆಸ್ಟಿನ್ ನಗರದಲ್ಲಿ 2002ರಲ್ಲಿ ನಡೆದ ಒಂದು ಅಧ್ಯಯನವು, ಸ್ಥಳೀಯ ಪುಸ್ತಕದಂಗಡಿಯಲ್ಲಿ ವ್ಯಯವಾದ 100 ಡಾಲರಿನಿಂದ ಆ ಊರಿಗೆ ಸುಮಾರು 45 ಡಾಲರ್ ಪ್ರಯೋಜನವೂ, ಸರಣಿ ಮಳಿಗೆಯಿಂದ ಸುಮಾರು 13 ಡಾಲರ್ ಪ್ರಯೋಜನವೂ ದೊರೆಯುವುದೆಂದು ಅಂದಾಜು ಮಾಡಿತು. ಅದು ಬೇರೆ ದೇಶದ, ಬೇರೆ ಸರಕಿನ ಲೆಕ್ಕ; ಕಪಿಲಾ ತೀರಕ್ಕೆ ಅದನ್ನು ಹಾಗೆಯೇ ಹೊಂದಿಸಲಾಗದು. ಆದರೂ ಅಂತರದ ದಿಕ್ಕನ್ನು ಅದು ಸೂಚಿಸುತ್ತದೆ. ಕಾರಣವೂ ಸ್ಪಷ್ಟ: ಊರ ವ್ಯಾಪಾರಿಯ ಲಾಭ, ಅವನ ಲೆಕ್ಕಿಗನ ಸಂಬಳ, ಅಂಗಡಿಯ ಬಾಡಿಗೆ ಊರಿನಲ್ಲಿಯೇ ತಿರುಗುತ್ತವೆ, ಸರಣಿ ಮಳಿಗೆಯಲ್ಲಿ ನೌಕರರ ವೇತನವನ್ನು ಬಿಟ್ಟರೆ ಬಹುಪಾಲು ಕೇಂದ್ರ ಕಚೇರಿಯನ್ನು ಸೇರುತ್ತದೆ. ಊರ ಮುಂದೆ ಹರಿದುಹೋಗುವ ನೀರಿಗೂ, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಿಂದ ನಾಲೆಗೆ ತಿರುಗಿ ಗದ್ದೆಗೆ ಹಾಯುವ ನೀರಿಗೂ ಇರುವ ಅಂತರವನ್ನು ಈ ತಾಲ್ಲೂಕುಗಳ ರೈತನಿಗೆ ಬೇರೆಯಾಗಿ ಬೋಧಿಸಬೇಕಿಲ್ಲ.

ಅಂಗಡಿ ಎಲ್ಲಿಯದು, ಸರಕು ಎಲ್ಲಿಯದು

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಅಂಗಡಿ ಊರಿನದಾದ ಮಾತ್ರಕ್ಕೆ ರೂಪಾಯಿ ಊರಿನಲ್ಲಿ ಉಳಿಯುವುದಿಲ್ಲ. ದೂರದ ಕಾರ್ಖಾನೆಯ ಸಾಬೂನನ್ನು ನಂಜನಗೂಡಿನ ಬಜಾರಿನಲ್ಲಿ ಕೊಂಡರೆ ಊರಿಗೆ ಉಳಿಯುವುದು ವ್ಯಾಪಾರಿಯ ಅಲ್ಪ ಲಾಭಾಂಶವೊಂದೇ. ಅದೇ ಅಂಗಡಿಯಲ್ಲಿ ತಾಲ್ಲೂಕಿನ ಆಲೆಮನೆಯ ಬೆಲ್ಲವನ್ನು ಕೊಂಡರೆ ಕಬ್ಬಿನ ಬೆಳೆಗಾರ, ಗಾಡಿಯವ, ಆಲೆಮನೆಯ ಕೆಲಸಗಾರ, ವ್ಯಾಪಾರಿ ಎಲ್ಲರೂ ಅದರಲ್ಲಿ ಪಾಲುಗಾರರು. ನಂಜನಗೂಡಿನಲ್ಲಿ 1989ರಿಂದ ನಡೆಯುತ್ತಿರುವ ನೆಸ್ಲೆ ಸಂಸ್ಥೆಯ ಕಾಫಿ ಕಾರ್ಖಾನೆಯದು ಮೂರನೆಯ ಬಗೆ: ಒಡೆತನ ವಿದೇಶದ್ದು, ದುಡಿಮೆಯ ವೇತನ ಇಲ್ಲಿಯದು. ಹೀಗೆ ಅಂಗಡಿಯ ಒಡೆತನ, ಸರಕಿನ ಮೂಲ, ದುಡಿಮೆಯ ಸ್ಥಳ ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ.

ಅಂತೆಯೇ ಶಾಖೆಗಳುಳ್ಳ ಮಳಿಗೆಗಳೆಲ್ಲವೂ ಊರಿಗೆ ಪರಕೀಯವಲ್ಲ. ತಿ. ನರಸೀಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯು ಗೂಡಿನಿಂದ ನೂಲು ತೆಗೆದು, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಒದಗಿಸುತ್ತದೆ. ಇವೆರಡೂ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದವು. ನಿಗಮದ ಮಳಿಗೆಯಲ್ಲಿ ಮಾರಾಟವಾದ ಸೀರೆಯ ಬೆಲೆಯಲ್ಲಿ ಒಂದು ಎಳೆ ಹಿಪ್ಪುನೇರಳೆ ಬೆಳೆದ ರೈತನವರೆಗೆ ಹಿಂದಿರುಗುತ್ತದೆ. ನಂದಿನಿ ಹಾಲಿನ ಮಳಿಗೆಗಳೂ ರಾಜ್ಯವ್ಯಾಪಿಯಾಗಿವೆ. ಆದರೆ ಅವುಗಳ ಬೇರು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿದೆ. ಮಳಿಗೆಯ ಗಾತ್ರಕ್ಕಿಂತ ಅದರ ಬೇರು ಎಲ್ಲಿಗೆ ಇಳಿದಿದೆಯೆಂಬುದೇ ಮುಖ್ಯ.

ದೊಡ್ಡ ಸರಣಿಗೆ ಒಂದೇ ಅಳತೆಯ ಸರಕು ಬಹು ಪ್ರಮಾಣದಲ್ಲಿ, ವರ್ಷವಿಡೀ ಬೇಕು. ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಬೆಳೆಯ ಕ್ಷೇತ್ರ ಕುಗ್ಗಿದ ರಸಬಾಳೆಯಂಥ ಹಣ್ಣು ಅಂಥ ಬೇಡಿಕೆಯನ್ನು ಪೂರೈಸಲಾರದು. ಭೌಗೋಳಿಕ ಸೂಚಿಯ ಮಾನ್ಯತೆ ಅದರ ಹೆಸರನ್ನು ಕಾಯಬಲ್ಲುದು. ಅದರ ತೋಟವನ್ನು ಕಾಯಬಲ್ಲವನು ಕೊಳ್ಳುವವನು ಮಾತ್ರ. ಅಂಥ ಬೆಳೆಗೆ ಊರಿನ ತಳ್ಳುಗಾಡಿ ಮತ್ತು ಸಂತೆಗಳೇ ಆಶ್ರಯ.

ಉದ್ರಿ ಮತ್ತು ನಂಬಿಕೆ

ಊರ ಅಂಗಡಿಯ ಇನ್ನೊಂದು ಸೇವೆ ಉದ್ರಿ. ಕಬ್ಬಿನ ಹಣ ಬರುವವರೆಗೆ, ಭತ್ತದ ಕೊಯ್ಲಾಗುವವರೆಗೆ, ಮನೆಯಲ್ಲಿ ಕಾಯಿಲೆಯಾದಾಗ, ವ್ಯಾಪಾರಿಯ ಲೆಕ್ಕದ ಪುಸ್ತಕವೇ ಬಡವನ ಬ್ಯಾಂಕು. ಸರಣಿ ಮಳಿಗೆ ಅಪರಿಚಿತನಿಗೆ ಒಂದು ಸೇರು ಅಕ್ಕಿಯನ್ನೂ ಸಾಲ ಕೊಡದು. ಆದರೆ ಉದ್ರಿಯ ಬಡ್ಡಿ ಅನೇಕ ವೇಳೆ ಬೆಲೆಯಲ್ಲಿ ಅಡಗಿರುತ್ತದೆ. ಸಾಲವಿರುವವನು ದರ ವಿಚಾರಿಸಲು ಸಂಕೋಚಪಡುತ್ತಾನೆ. ನಂಬಿಕೆಯನ್ನು ಬಂಡವಾಳ ಮಾಡಿಕೊಂಡ ವ್ಯಾಪಾರಿಯು ತೂಕದಲ್ಲಿಯೂ ದರದಲ್ಲಿಯೂ ಅದನ್ನು ಉಳಿಸಿಕೊಳ್ಳಬೇಕು. ಗ್ರಾಹಕನ ಅಭಿಮಾನವು ವ್ಯಾಪಾರಿಯ ಆಲಸ್ಯಕ್ಕೆ ಆಸರೆಯಾಗಬಾರದು.

ಬೆಲೆಯ ಸ್ಪರ್ಧೆಯನ್ನು ಎದುರಿಸುವ ದಾರಿಯೂ ಹೊಸದೇನಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ಕೂಡಿ, ಶುದ್ಧ ಸರಕು ಮತ್ತು ಸರಿಯಾದ ತೂಕದ ಅಂಗಡಿಯನ್ನು ತೆರೆದು, ಉಳಿದ ಲಾಭವನ್ನು ಕೊಂಡವರಿಗೇ ಹಂಚಿದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ತತ್ತ್ವವನ್ನು ಕೃಷಿ ಸಾಲಕ್ಕೆ ಅನ್ವಯಿಸಿದರು. ಒಂದು ಪೇಟೆಯ ಹತ್ತು ದಿನಸಿ ವ್ಯಾಪಾರಿಗಳು ಕೂಡಿ ಸಗಟಾಗಿ ಕೊಂಡರೆ, ಸರಣಿಯ ಬಲದ ಒಂದಂಶ ಅವರಿಗೂ ದೊರೆಯುತ್ತದೆ.

ಶಾಲೆಯ ಹೊಣೆ

ಈ ವಿಷಯವು ಶಾಲೆಯ ಸಂಚಿಕೆಯಲ್ಲಿ ಏಕೆ ಎಂಬ ಪ್ರಶ್ನೆ ಏಳಬಹುದು. ಮಠಗಳ ವಿದ್ಯಾಸಂಸ್ಥೆಗಳೂ ಪ್ರಸಾದನಿಲಯಗಳೂ ಬೆಳೆದದ್ದು ಭಕ್ತರ ಕಾಣಿಕೆಯಿಂದ. ಆ ಭಕ್ತರಲ್ಲಿ ರೈತರೂ ಊರ ವ್ಯಾಪಾರಿಗಳೂ ಸೇರಿದ್ದಾರೆ. ಜಾತ್ರೆಗೆ ಅಕ್ಕಿ, ಬೇಳೆ, ಬೆಲ್ಲಗಳ ಮೂಟೆ ಕಳುಹಿಸುವವನು ಊರಿನಲ್ಲಿ ಗಳಿಸಿದವನು. ಕಾಯಕದಿಂದ ಗಳಿಸಿ ದಾಸೋಹದಿಂದ ಸಮಾಜಕ್ಕೆ ಹಿಂದಿರುಗಿಸಬೇಕೆಂಬ ಶರಣರ ತತ್ತ್ವದಲ್ಲಿ ಗಳಿಕೆಯು ಹುಟ್ಟಿದ ನೆಲಕ್ಕೆ ಮರಳುವ ಕ್ರಮವೊಂದು ಅಡಗಿದೆ. ಅಂಗಡಿ ಬೀದಿ ಬರಿದಾದರೆ ದಾಸೋಹದ ಒಲೆಗೂ ಅದರ ಬಿಸಿ ತಟ್ಟುವುದು.

ಆದುದರಿಂದ ಅಧ್ಯಾಪಕರು ಹಿರಿಯ ತರಗತಿಯ ಮಕ್ಕಳಿಗೆ ಒಂದು ಅಭ್ಯಾಸವನ್ನು ಕೊಡಬಹುದು. ಮನೆಯಲ್ಲಿ ಒಂದು ತಿಂಗಳು ಕೊಂಡ ಹತ್ತು ವಸ್ತುಗಳನ್ನು ಬರೆದು, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಲಿ: ಇದನ್ನು ಮಾರಿದವರು ಯಾರು? ಇದನ್ನು ಮಾಡಿದವರು ಯಾರು? ಇದಕ್ಕಾಗಿ ದುಡಿದವರು ಎಲ್ಲಿಯವರು? ಪ್ರಸಾದನಿಲಯದ ಉಗ್ರಾಣದ ಪಟ್ಟಿಯನ್ನೂ ಆಡಳಿತದವರು ಹಾಗೆಯೇ ಪರಿಶೀಲಿಸಬಹುದು. ಎಲ್ಲವನ್ನೂ ಊರಿನಲ್ಲಿಯೇ ಕೊಳ್ಳುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಊರಿನಲ್ಲಿ ಬೆಳೆದ, ಊರಿನಲ್ಲಿ ಮಾಡಿದ ವಸ್ತುವು ಗುಣದಲ್ಲಿ ಸಮವಾಗಿದ್ದು ಬೆಲೆಯಲ್ಲಿ ಸ್ವಲ್ಪವೇ ಹೆಚ್ಚಾಗಿದ್ದರೆ, ಆ ಹೆಚ್ಚಳವನ್ನು ನಷ್ಟವೆಂದು ಬರೆಯುವ ಮುನ್ನ ರೂಪಾಯಿಯ ಮುಂದಿನ ದಾರಿಯನ್ನೊಮ್ಮೆ ನೋಡಿದರೆ ಸಾಕು.