ಸೆಕೆಂಡಿಗೆ 3,600 ರೂಪಾಯಿ

ಕಳೆದ ದೀಪಾವಳಿಯ ಆಫರ್‌ನಲ್ಲಿ 54,000 ರೂಪಾಯಿಗೆ ಸೈಕಲ್ಲಿಗೆ ಕಾರ್ಬನ್ ಚಕ್ರ ಕೊಂಡೆ. ನೋ ಕಾಸ್ಟ್ ಇಎಂಐನಲ್ಲಿ 12 ಕಂತು, ತಿಂಗಳಿಗೆ 4,500. ನಂದಿ ಬೆಟ್ಟ ಹತ್ತಲು ನನಗೆ 42 ನಿಮಿಷ ಬೇಕಾಗುತ್ತಿತ್ತು. ಅದನ್ನು 40ಕ್ಕೆ ಇಳಿಸುವ ಹಟ. ಕೈಯಲ್ಲಿ ದುಡ್ಡು ಉಳಿಯದೆ ಹಳೆಯ 25 ಎಂಎಂ ಟೈರ್‌ಗಳನ್ನೇ ಹೊಸ ರಿಮ್ಮಿಗೆ ಏರಿಸಿದೆ. ಮೂರು ಭಾನುವಾರ ಹತ್ತಿದರೂ 42 ನಿಮಿಷ ಅಲ್ಲಾಡಲಿಲ್ಲ.

ಕೊಳ್ಳುವ ಮೊದಲೇ ಹಾಕಬೇಕಿದ್ದ ಲೆಕ್ಕವನ್ನು ಆಮೇಲೆ ಹಾಕಿದೆ. ನನ್ನ ತೂಕ 72 ಕೆ.ಜಿ., ಸೈಕಲ್ 10, ನೀರು, ಶೂ, ಹೆಲ್ಮೆಟ್ ಸೇರಿ 2. ಒಟ್ಟು 84. ಹಳೆಯ ಚಕ್ರದ ಜೋಡಿ 2,000 ಗ್ರಾಂ, ಹೊಸದು 1,500. ಇಳಿದದ್ದು 500 ಗ್ರಾಂ, ಅಂದರೆ ಒಟ್ಟು ತೂಕದ ಶೇ 0.6. ಏರಿನಲ್ಲಿ ಕಾಲಿನ ಕಸುವು ಬಹುಪಾಲು ಭಾರ ಎತ್ತುವುದಕ್ಕೇ ಹೋಗುತ್ತದೆ. ಹಾಗಾಗಿ ಸಮಯವೂ ಹೆಚ್ಚೆಂದರೆ ಶೇ 0.6 ಇಳಿದೀತು. 42 ನಿಮಿಷಕ್ಕೆ 2,520 ಸೆಕೆಂಡ್. ಅದರಲ್ಲಿ ಶೇ 0.6 ಎಂದರೆ 15 ಸೆಕೆಂಡ್. 54,000ವನ್ನು 15ರಿಂದ ಭಾಗಿಸಿದರೆ ಸೆಕೆಂಡಿಗೆ 3,600 ರೂಪಾಯಿ. ತಿರುವಿನಲ್ಲಿ ಎದುರಾದ ಒಂದು ಕಾರಿಗೆ ದಾರಿ ಬಿಟ್ಟರೆ ಆ 15 ಸೆಕೆಂಡ್ ಮುಗಿಯಿತು.

‘ಚಕ್ರದ ಒಂದು ಗ್ರಾಂ ಫ್ರೇಮಿನ ಎರಡು ಗ್ರಾಂಗೆ ಸಮ’ ಎಂದು ಅಂಗಡಿಯಲ್ಲಿ ಹೇಳಿದ್ದರು. ವೇಗ ಏರಿಸುವ ಗಳಿಗೆಯಲ್ಲಿ ಮಾತ್ರ ಅದು ನಿಜ. ಒಂದೇ ಗತಿಯಲ್ಲಿ ಹತ್ತುವಾಗ ರಿಮ್ಮಿನ ಗ್ರಾಂ, ಬಾಟಲಿಯ ಗ್ರಾಂ ಎರಡೂ ಒಂದೇ. ಕಾರ್ಬನ್ ಚಕ್ರದ ಎತ್ತರದ ‘ಡೀಪ್ ರಿಮ್’ ಗಾಳಿಯನ್ನು ಸೀಳುತ್ತದಂತೆ. ಗಾಳಿಗೆ ಹೆಚ್ಚಿನ ಅಡ್ಡಿ ನಮ್ಮ ಮೈ! ಇನ್ನು ನೋ ಕಾಸ್ಟ್ ಇಎಂಐ. ಪ್ರೊಸೆಸಿಂಗ್ ಫೀ ಕಿತ್ತುಕೊಂಡು, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಹಾಕುವ ಸಾಲಕ್ಕೆ ಆ ಹೆಸರಿಡುವುದು ಶುದ್ಧ ಮೋಸ.

ಫೆಬ್ರವರಿಯಲ್ಲಿ ಹಳೆಯ ಅಲಾಯ್ ಚಕ್ರಗಳನ್ನೇ ಮರಳಿ ಹಾಕಿ, 7,600 ರೂಪಾಯಿಗೆ 28 ಎಂಎಂನ ಮೆತ್ತನೆಯ ಟೈರ್ ಜೋಡಿ ತಂದೆ. ಗಾಳಿಯನ್ನು 110ರಿಂದ 75 ಪಿಎಸ್‌ಐಗೆ ಇಳಿಸಿದೆ. ದೇವನಹಳ್ಳಿ ಕಡೆಯ ಸರ್ವಿಸ್ ರಸ್ತೆಯಲ್ಲಿ ಅದೇ ದಣಿವಿಗೆ ಗಂಟೆಗೆ 27 ಕಿ.ಮೀ. ಇದ್ದ ವೇಗ 28 ಆಯಿತು. ಟೈರಿನ ಗೋಡೆ ದಪ್ಪವಿದ್ದರೆ ರಬ್ಬರು ಉರುಳುವಾಗ ಬಾಗಿ ಬಾಗಿ ಕಸುವು ನುಂಗುತ್ತದೆ. ಒರಟು ರಸ್ತೆಯಲ್ಲಿ ಅತಿಯಾದ ಗಾಳಿ ನಮ್ಮನ್ನೇ ಕುಲುಕಿಸಿ ಇನ್ನಷ್ಟು ತಿನ್ನುತ್ತದೆ.

ವಾರಕ್ಕೊಮ್ಮೆ ಪಂಪ್ ಹಿಡಿಯಿರಿ. ಚೈನ್ ಒರೆಸಿ, ಎಣ್ಣೆ ಬಿಡಿ. ಶನಿವಾರ ರಾತ್ರಿ ಬೇಗ ಮಲಗಿ. ಇದ್ಯಾವುದನ್ನೂ ಮಾಡದೆ ಚಕ್ರಕ್ಕೆ ಸಾಲ ಮಾಡಬೇಡಿ.

ಆ ಕಾರ್ಬನ್ ಚಕ್ರಗಳನ್ನು ಕಳೆದ ತಿಂಗಳು 24,000ಕ್ಕೆ ಮಾರಿದೆ. ಇನ್ನೂ ನಾಲ್ಕು ಕಂತು ಕಟ್ಟಬೇಕು.