ಬಿಳಿ ಎಲೆಗೆ ಅಷ್ಟೊಂದು ಬೆಲೆ ಯಾಕೆ?

ಹಸಿರು ಎಲೆಯ ಮಾನ್‌ಸ್ಟೆರಾ ಗಿಡ ನರ್ಸರಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೇ ಗಿಡದ ಎಲೆ ಮೇಲೆ ಬಿಳಿ ಪೇಂಟ್ ಚೆಲ್ಲಿದ ಹಾಗಿದ್ದರೆ ಬೆಲೆ ಸಾವಿರಗಳಿಗೆ ಏರುತ್ತದೆ. ಇಂಥ ಗಿಡಗಳನ್ನು ‘ವೇರಿಗೇಟೆಡ್’ ಅಂತಾರೆ. ಜಾತಿ ಒಂದೇ, ಮಣ್ಣು ಒಂದೇ. ಹಾಗಾದ್ರೆ ನಾವು ದುಡ್ಡು ಕೊಡೋದು ಯಾವುದಕ್ಕೆ? ಇದು ಗೊತ್ತಿದ್ದರೆ ಗಿಡ ಬೆಳೆಸೋದು ಸುಲಭ, ಪಾಕೆಟ್ ಮನಿಯೂ ಉಳಿಯುತ್ತೆ.

ಒಂದೇ ಗಿಡ, ಎರಡು ಥರದ ಜೀವಕೋಶ

ಎಲೆಯ ಬಿಳಿ ಭಾಗದಲ್ಲಿ ಕ್ಲೋರೋಫಿಲ್ ಇರುವುದಿಲ್ಲ. ಆದ್ದರಿಂದ ಅದು ಆಹಾರ ತಯಾರಿಸುವುದಿಲ್ಲ, ಹಸಿರು ಭಾಗವೇ ಅದನ್ನೂ ಸಾಕಬೇಕು. ಸಾಮಾನ್ಯವಾಗಿ ಇದು ಶುರುವಾಗುವುದು ಕುಡಿಯಲ್ಲಿರುವ ಒಂದು ಜೀವಕೋಶದ ಮ್ಯುಟೇಶನ್‌ನಿಂದ. ಆ ಕೋಶ ಒಡೆದು ಹುಟ್ಟುವ ಕೋಶಗಳೆಲ್ಲ ಬಿಳಿ, ಪಕ್ಕದವು ಹಸಿರು. ಹೀಗೆ ಎರಡು ಥರದ ಕೋಶಗಳಿರುವ ಗಿಡಕ್ಕೆ ‘ಕೈಮೆರಾ’ ಎಂದು ಹೆಸರು. ಕೈಮೆರಾ ಅಂದರೆ ಸಿಂಹ, ಮೇಕೆ, ಹಾವು ಸೇರಿದ ಗ್ರೀಕ್ ಪುರಾಣದ ಪ್ರಾಣಿ. 1907ರಲ್ಲಿ ಜರ್ಮನಿಯ ಹಾನ್ಸ್ ವಿಂಕ್ಲರ್ ಈ ಹೆಸರನ್ನು ಸಸ್ಯಶಾಸ್ತ್ರಕ್ಕೆ ತಂದರು.

ಅಂದರೆ ಬಣ್ಣ ಇಡೀ ಗಿಡದಲ್ಲಿ ಇಲ್ಲ, ಗಿಡದ ಒಂದು ಜಾಗದಲ್ಲಿ ಇದೆ. ಬೆಲೆ ಇರೋದು ಆ ಜಾಗಕ್ಕೆ.

ನೀವೇ ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಸಾಕು. ಹಾಸ್ಟೆಲ್ ಕಿಟಕಿಯಲ್ಲೂ ಬದುಕುತ್ತೆ.

ಮೊದಲ ಕುಂಡ: ಒಂದು ಎಲೆಯನ್ನು 3 ಇಂಚಿನ ತುಂಡುಗಳಾಗಿ ಕತ್ತರಿಸಿ. ಎರಡು ದಿನ ನೆರಳಲ್ಲಿ ಒಣಗಿಸಿ, ಬುಡದ ಭಾಗ ಕೆಳಗೆ ಬರುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಿ. ಮಣ್ಣು ಒಣಗಿದ ಮೇಲಷ್ಟೇ ನೀರು.

ಎರಡನೇ ಕುಂಡ: ಮಣ್ಣಿನೊಳಗಿನ ಗೆಡ್ಡೆಯನ್ನು ಬೇರು ಮತ್ತು ಮರಿಯ ಸಮೇತ ಚಾಕುವಿನಿಂದ ಬೇರ್ಪಡಿಸಿ ನೆಡಿ.

ಕೆಲವು ತಿಂಗಳಾದ ಮೇಲೆ ಮೊದಲ ಕುಂಡದಲ್ಲಿ ಬರುವ ಮರಿಗಳಿಗೆ ಹಳದಿ ಅಂಚು ಇರುವುದಿಲ್ಲ! ಎರಡನೆಯದರಲ್ಲಿ ಅಂಚು ಹಾಗೇ ಉಳಿದಿರುತ್ತದೆ. ಕಾರಣ ಇಷ್ಟೇ: ಎಲೆ ತುಂಡಿನಲ್ಲಿ ಹೊಸ ಕುಡಿ ಒಳಗಿನ ಹಸಿರು ಕೋಶಗಳಿಂದ ಹುಟ್ಟುತ್ತದೆ. ಗೆಡ್ಡೆಯಲ್ಲಿ ಹಳೆಯ ಕುಡಿಯೇ, ಅದರ ಎರಡೂ ಥರದ ಕೋಶಗಳ ಸಮೇತ, ಮುಂದುವರಿಯುತ್ತದೆ.

ಕೊಳ್ಳುವ ಮೊದಲು

1. ಎಲೆ ನೋಡಿ ಮರುಳಾಗಬೇಡಿ, ಕಾಂಡ ನೋಡಿ. ಮಾನ್‌ಸ್ಟೆರಾದಲ್ಲಿ ಹೊಸ ಚಿಗುರು ಬರುವುದು ಗೆಣ್ಣಿನಿಂದ. ಗೆಣ್ಣಿಲ್ಲದ ಬರೀ ಎಲೆಗೆ ಬೇರು ಬಂದರೂ ಗಿಡವಾಗುವುದಿಲ್ಲ. ಗೆಣ್ಣಿನ ಹತ್ತಿರ ಹಸಿರು ಮತ್ತು ಬಿಳಿ ಎರಡೂ ಪಟ್ಟೆ ಇರಬೇಕು.

2. ಪೂರ್ತಿ ಬಿಳಿ ಎಲೆಯ ತುಂಡು ಫೋಟೋದಲ್ಲಿ ಚೆಂದ. ಆದ್ರೆ ಆಹಾರ ತಯಾರಿಸೋಕೆ ಹಸಿರೇ ಇಲ್ಲದ್ದರಿಂದ ಅದು ಹೆಚ್ಚು ದಿನ ಬದುಕಲ್ಲ.

3. ‘ಬಿಳಿ ಮಾನ್‌ಸ್ಟೆರಾ ಬೀಜ’ ಅಂತ ಯಾರಾದ್ರೂ ಮಾರಿದರೆ ಬಿಟ್ಟುಬಿಡಿ. ಈ ವಿನ್ಯಾಸ ಬೀಜದಲ್ಲಿ ನಂಬಿಕೆಯಿಂದ ಮುಂದುವರಿಯುವುದಿಲ್ಲ.

4. ‘ಪಿಂಕ್ ಕಾಂಗೊ’ ಹೆಸರಿನ ಫಿಲೊಡೆಂಡ್ರಾನ್ ಬಗ್ಗೆಯೂ ಎಚ್ಚರ. ಅದರ ಗುಲಾಬಿ ಎಲೆಗಳು ಕೆಲವು ತಿಂಗಳಲ್ಲಿ ಹಸಿರಿಗೆ ತಿರುಗಿದ್ದನ್ನು ಕೊಂಡವರು ನೋಡಿದ್ದಾರೆ.

ಕೊಂಡ ಮೇಲೆ

ಒಳ್ಳೆ ಬೆಳಕು ಬೇಕು, ಆದರೆ ಮಧ್ಯಾಹ್ನದ ನೇರ ಬಿಸಿಲು ಬೇಡ. ಬಿಳಿ ಭಾಗ ಬೇಗ ಸುಟ್ಟುಹೋಗುತ್ತದೆ. ಪೂರ್ತಿ ಹಸಿರು ರೆಂಬೆ ಬಂದರೆ ಕತ್ತರಿಸಿ, ಇಲ್ಲದಿದ್ರೆ ಅದೇ ಜೋರಾಗಿ ಬೆಳೆದು ಗಿಡವನ್ನು ಆವರಿಸುತ್ತದೆ. ಒಂದರ ಹಿಂದೆ ಒಂದು ಪೂರ್ತಿ ಬಿಳಿ ಎಲೆ ಬರುತ್ತಿದ್ದರೆ, ಎರಡೂ ಬಣ್ಣವಿರುವ ಗೆಣ್ಣಿನವರೆಗೆ ಹಿಂದಕ್ಕೆ ಕತ್ತರಿಸಿ.

ಪಟ್ಟೆಗಾಗಿ ಜನ ದುಡ್ಡು ಸುರಿಯೋದು ಹೊಸತೇನಲ್ಲ. 1630ರ ದಶಕದಲ್ಲಿ ಹಾಲೆಂಡಿನವರು ಪಟ್ಟೆಯ ಟ್ಯುಲಿಪ್ ಗೆಡ್ಡೆಗಳಿಗೆ ಮುಗಿಬಿದ್ದಿದ್ದರು. 1637ರ ಫೆಬ್ರವರಿಯಲ್ಲಿ ಆ ಮಾರುಕಟ್ಟೆ ಕುಸಿಯಿತು. ಆ ಪಟ್ಟೆಗಳು ಒಂದು ವೈರಸ್ ರೋಗದ ಗುರುತು ಅನ್ನೋದು ತಿಳಿದದ್ದು 20ನೇ ಶತಮಾನದಲ್ಲಿ. ಅವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಅಂತ ತಿಳಿಯುವ ದಾರಿ ಇರಲಿಲ್ಲ. ನಮಗೆ ಇದೆ, ಗೆಣ್ಣಿನ ಹತ್ತಿರ ಒಮ್ಮೆ ಬಗ್ಗಿ ನೋಡಿದರೆ ಸಾಕು.